ಸರ್ಕಸ್ಸಿನ ಬಾಳುವೆ

ಊರ ಹೊರಗಿನ ಬಯಲಿನಲ್ಲಿ ಡೇರೆ ಎದ್ದು, ಇರುಳಿನ ಆಕಾಶದಲ್ಲಿ ಅದರ ಬೆಳಕಿನ ಕೋಲು ಸುತ್ತತೊಡಗಿತೆಂದರೆ ಸರ್ಕಸ್ಸು ಬಂದಿತೆಂಬ ಸುದ್ದಿ ಸುತ್ತಣ ಹತ್ತು ಹಳ್ಳಿಗಳಿಗೆ ಮುಟ್ಟುತ್ತಿದ್ದ ಕಾಲವೊಂದಿತ್ತು. ಅಂದು ಬೆರಗಿನಿಂದ ನೋಡಿದ ಬಾಲಕರಲ್ಲಿ, ಆ ಡೇರೆಯವರೊಡನೆ ಹೊರಟುಹೋಗುವ ಕನಸನ್ನು ಒಂದು ರಾತ್ರಿಯಾದರೂ ಕಾಣದವರು ವಿರಳ. ಆದರೆ ಅದೇ ಬಾಲಕ ಮರುದಿನ "ನಾನು ಸರ್ಕಸ್ಸು ಸೇರುವೆ" ಎಂದಿದ್ದರೆ ತಂದೆಯ ಉತ್ತರ ಏನಿರುತ್ತಿತ್ತೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಆ ವಿದ್ಯೆ ಇರುವುದು ಚಪ್ಪಾಳೆ ತಟ್ಟುವುದಕ್ಕೆ, ನಮ್ಮ ಮನೆಯ ಮಕ್ಕಳು ಕಲಿಯುವುದಕ್ಕಲ್ಲ ಎಂಬುದು ನಮ್ಮೆಲ್ಲರ ತೀರ್ಮಾನ.

ಆದರೂ ಅದು ಅಗ್ಗದ ವಿದ್ಯೆಯಲ್ಲ. ಕುರುಂದವಾಡ ಸಂಸ್ಥಾನದ ಅಶ್ವಶಿಕ್ಷಕರಾಗಿದ್ದ ವಿಷ್ಣುಪಂತ ಛತ್ರೆಯವರು ಇಟಲಿಯ ಕಂಪನಿಯೊಂದರ ಆಟವನ್ನು ನೋಡಿ, ಇದು ನಮ್ಮವರಿಗೂ ಸಾಧ್ಯವೆಂದು ಪಣತೊಟ್ಟು 1880ರಲ್ಲಿ ತಮ್ಮದೇ ಸರ್ಕಸ್ಸನ್ನು ಆರಂಭಿಸಿದರು. ತಲಶ್ಶೇರಿಯ ವ್ಯಾಯಾಮಶಿಕ್ಷಕ ಕೀಲೇರಿ ಕುಂಞಿಕಣ್ಣನ್ 1901ರಲ್ಲಿ ಇದಕ್ಕೆಂದೇ ಶಾಲೆ ತೆರೆದರು. ಆ ಊರಿನ ಗರಡಿಗಳಲ್ಲಿ ಪಳಗಿದವರೇ ಮುಂದೆ ಭಾರತದ ಡೇರೆಗಳನ್ನೆಲ್ಲ ತುಂಬಿದರು. ಎತ್ತರದ ಉಯ್ಯಾಲೆಯಿಂದ ಹಾರುವವನನ್ನು ನಾವು ಮೆಚ್ಚುತ್ತೇವೆ. ಆದರೆ ತಲೆಕೆಳಗಾಗಿ ತೂಗುತ್ತ, ಸರಿಯಾದ ಕ್ಷಣಕ್ಕೆ ಅವನ ಮಣಿಕಟ್ಟನ್ನು ಹಿಡಿಯುವವನ ಹೊಣೆ ಅದಕ್ಕೂ ಹಿರಿದು. ಕೆಳಗಿನ ಬಲೆಯೂ ಸಂಪೂರ್ಣ ಅಭಯವಲ್ಲ. ಅದರ ಮೇಲೆ ಬೀಳುವುದನ್ನೂ ಕಲಿಯಬೇಕು.

ಈ ಕಲೆಗೆ ಕಳಂಕವೊಂದಿತ್ತು. ಬಡವರ ಎಳೆಯ ಮಕ್ಕಳನ್ನು, ನೇಪಾಳದ ಗುಡ್ಡಗಾಡಿನಿಂದಲೂ, ಮುಂಗಡ ಹಣ ಕೊಟ್ಟು ಕರೆತಂದು ವರ್ಷಗಟ್ಟಲೆ ಡೇರೆಯಲ್ಲಿ ಕೂಡಿಹಾಕಿದ ಕಥೆಗಳು ನ್ಯಾಯಾಲಯದ ಮುಂದೆ ಬಂದವು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸರ್ಕಸ್ಸಿನಲ್ಲಿ ಮಕ್ಕಳ ದುಡಿಮೆಯನ್ನು ನಿಷೇಧಿಸಲು ಆಜ್ಞಾಪಿಸಿತು. 2016ರ ಬಾಲಕಾರ್ಮಿಕ ತಿದ್ದುಪಡಿಯಂತೂ ಚಲನಚಿತ್ರದಲ್ಲಿ ನಟಿಸುವ ಬಾಲಕನಿಗೆ ಷರತ್ತಿನ ಮೇಲೆ ಅನುಮತಿಯಿತ್ತು, ಸರ್ಕಸ್ಸನ್ನು ಹೆಸರಿಸಿಯೇ ಹೊರಗಿಟ್ಟಿತು. ಇದು ನ್ಯಾಯವೇ ಸರಿ. ಆಯ್ದುಕೊಳ್ಳಲಾರದ ವಯಸ್ಸಿನಲ್ಲಿ ಹೊರಿಸಿದ ಬಾಳು ವೃತ್ತಿಯಲ್ಲ, ಸೆರೆ.

ಎಳವೆಯಲ್ಲೇ ಬಾಗದ ಮೈ ಮತ್ತೆ ಬಾಗದೆಂದು ಸರ್ಕಸ್ಸಿನ ಹಿರಿಯರು ಹೇಳುವ ಮಾತೂ ಸುಳ್ಳಲ್ಲ. ಆದರೆ ಜಿಮ್ನಾಸ್ಟಿಕ್ಸಿನ ಅಂಗಳದಲ್ಲಿ ಏಳೆಂಟು ವರ್ಷದ ಬಾಲಕಿ ಲಾಗ ಹಾಕಿದರೆ ನಾವು ಬೆನ್ನು ತಟ್ಟುತ್ತೇವೆ. ಅವಳಿಗೆ ಪಾಠಶಾಲೆಯಿದೆ, ಸಂಜೆ ಮರಳಲು ಮನೆಯಿದೆ, ಸಾಕೆಂದರೆ ಬಿಡುವ ಸ್ವಾತಂತ್ರ್ಯವಿದೆ. ಅಪರಾಧವಿದ್ದುದು ಲಾಗದಲ್ಲಲ್ಲ, ಈ ಮೂರನ್ನೂ ಕಸಿದುಕೊಂಡುದರಲ್ಲಿ.

ಹಾಗಾದರೆ ಕೆಟ್ಟ ದಾರಿಯನ್ನು ಮುಚ್ಚಿದ ನಾವು ಒಳ್ಳೆಯ ದಾರಿಯನ್ನು ತೆರೆದೆವೆ? ಹುಲಿ, ಸಿಂಹ, ಕರಡಿಗಳ ಪ್ರದರ್ಶನವನ್ನು 1998ರ ಅಧಿಸೂಚನೆ ನಿಲ್ಲಿಸಿದ ಮೇಲೆ ಡೇರೆಯ ಭಾರವೆಲ್ಲ ಮನುಷ್ಯನ ಮೈಮೇಲೆಯೇ ಬಿದ್ದಿದೆ. ಆ ಮೈಯನ್ನು ತಿದ್ದುವ ಶಾಲೆಯಾದರೂ ಎಲ್ಲಿ? ಮಾಸ್ಕೋದಲ್ಲಿ 1927ರಲ್ಲೇ ಸರ್ಕಸ್ಸಿನ ಸರ್ಕಾರಿ ವಿದ್ಯಾಲಯ ಹುಟ್ಟಿತು. ಕೆನಡಾದ ಮಾಂಟ್ರಿಯಲ್ಲಿನಲ್ಲಿ 1981ರಲ್ಲಿ ಸರ್ಕಸ್ಸಿನ ಶಾಲೆ ಆರಂಭವಾಯಿತು. ತಲಶ್ಶೇರಿಯಲ್ಲಿ ಕೇರಳ ಸರ್ಕಾರ 2010ರಲ್ಲಿ ಆರಂಭಿಸಿದ ಅಕಾಡೆಮಿಯಾದರೋ ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕಿತು. ಹೆಜ್ಜೆ ಸರಿಯಾಗಿತ್ತು, ಹಿಡಿಯುವ ಕೈ ಸಡಿಲವಾಗಿತ್ತು.

ಸರ್ಕಸ್ಸಿನವನ ತೋಳಿಗೆ ಮುಪ್ಪು ಬೇಗ ಬರುತ್ತದೆ. ನೆಲೆಯಿಲ್ಲದೆ ಊರೂರು ಅಲೆದ ಬಾಳು. ಕೊನೆಗೆ ಒಂದು ಬೀಳು, ಅಥವಾ ಮೊಣಕಾಲಿನ ಒಂದು ನೋವು. ಸಂಗೀತಗಾರ ಅರುವತ್ತರಲ್ಲಿ ವಿದ್ವಾಂಸನೆನಿಸಿಕೊಂಡು ಶಿಷ್ಯರಿಗೆ ಪಾಠ ಹೇಳುತ್ತಾನೆ. ಡೇರೆಯಿಂದ ಇಳಿದವನನ್ನು ನಾವು ಗುರುವೆಂದು ಕರೆಯುವುದಿಲ್ಲ, ಅವನಲ್ಲಿ ಉಳಿದ ವಿದ್ಯೆಯನ್ನು ಕೇಳುವುದೂ ಇಲ್ಲ. ಪಾಠದೊಡನೆ ಕಸರತ್ತು ಕಲಿಸುವ ಒಂದು ಶಾಲೆ, ಅಲ್ಲಿ ಆ ಹಿರಿಯನಿಗೆ ಗುರುಪೀಠ, ಪ್ರಾಪ್ತವಯಸ್ಕನಾಗಿ ಮನಸಾರೆ ಬರುವವನಿಗೆ ವಿಮೆ ಮತ್ತು ನಿವೃತ್ತಿವೇತನ: ಇಷ್ಟಾದರೆ ಬಾಲಕನ ಆ ಕನಸು ಓಡಿಹೋಗುವ ಕನಸಾಗಿ ಉಳಿಯದೆ, ಹೇಳಿ ಹೋಗುವ ವೃತ್ತಿಯಾದೀತು.

ಉಯ್ಯಾಲೆಯನ್ನು ಬಿಟ್ಟು ಹಾರುವವನು ಎದುರಿನ ಕೈಯನ್ನು ನಂಬಿಯೇ ಬಿಡುತ್ತಾನೆ. ಕೆಳಗೆ ಕುಳಿತ ನಮ್ಮ ಕೈಗಳು ಈವರೆಗೆ ಚಪ್ಪಾಳೆಯನ್ನಷ್ಟೇ ತಟ್ಟಿವೆ.