ಸಾಲಿ ಕಲಿತ ಹುಡುಗನಿಗೆ ಫ್ಯೂಜ್ ಹಾಕಲಿಕ್ಕೂ ಬರಬೇಕು

ಯಳವಿ (ಜತ್ತ ತಾ.): ಬೇಸಿಗೆ ಬಂತೆಂದರೆ ಜತ್ತ ತಾಲೂಕಿನಲ್ಲಿ ಬೋರ್‌ವೆಲ್ ಮೋಟಾರು ಸುಡುವುದು ಹೊಸ ಸುದ್ದಿಯೇನಲ್ಲ. ಅದನ್ನು ಮೇಲೆತ್ತಿ, ವೈಂಡಿಂಗ್ ಮಾಡಿಸಿ, ಮರಳಿ ಇಳಿಸುವಷ್ಟರಲ್ಲಿ ಬೆಳೆ ಬಾಡಿರುತ್ತದೆ. ಅದೇ ಮನೆಯ ಹುಡುಗ ಹತ್ತನೇ ಇಯತ್ತೆಯಲ್ಲಿ ಓಮ್‌ನ ನಿಯಮ ಬಾಯಿಪಾಠ ಮಾಡಿರುತ್ತಾನೆ. ಆದರೆ ವೋಲ್ಟೇಜ್ ಇಳಿದಾಗ ಮೋಟಾರು ಯಾಕ ಕಾಯ್ತದ ಎಂದು ಕೇಳಿದರೆ ಸುಮ್ಮನೆ ನಿಲ್ಲುತ್ತಾನೆ. ಇದು ಹುಡುಗನ ತಪ್ಪಲ್ಲ. ಕೈಗೆ ಕೆಲಸ ಕೊಡದ ಶಿಕ್ಷಣದ ತಪ್ಪು.

ಇದಕ್ಕೆ ಉಪಾಯ ದೂರ ಹುಡುಕಬೇಕಿಲ್ಲ, ಮಹಾರಾಷ್ಟ್ರದಲ್ಲೇ ಇದೆ. ಹಿಂದುಸ್ತಾನ್ ಲಿವರ್ ಕಂಪನಿಯ ಸಂಶೋಧನೆ ಕೆಲಸ ಬಿಟ್ಟು ಬಂದ ಡಾ. ಎಸ್.ಎಸ್. ಕಲಬಾಗ ಅವರು 1983ರಲ್ಲಿ ಪುಣೆ ಜಿಲ್ಲೆಯ ಪಾಬಳದಲ್ಲಿ ವಿಜ್ಞಾನ ಆಶ್ರಮ ಕಟ್ಟಿದರು. ಅಲ್ಲಿ ರೂಪುಗೊಂಡ ಮೂಲಭೂತ ತಂತ್ರಜ್ಞಾನ ವಿಷಯಕ್ಕೆ ರಾಜ್ಯದ ಎಸ್ಸೆಸ್ಸಿ ಮಂಡಳಿಯ ಮಾನ್ಯತೆಯೂ ಸಿಕ್ಕಿತು. ಎಂಟರಿಂದ ಹತ್ತನೇ ಇಯತ್ತೆಯ ಮಕ್ಕಳು ವಾರಕ್ಕೊಂದು ದಿನ ಕೈಕೆಲಸ ಮಾಡುತ್ತಾರೆ. ವೆಲ್ಡಿಂಗ್, ವಿದ್ಯುತ್ ಜೋಡಣೆ, ಮಣ್ಣು ಪರೀಕ್ಷೆ, ರಕ್ತದ ಗುಂಪು ನೋಡುವುದು, ಜಮೀನು ಅಳೆಯುವುದು ಎಲ್ಲವೂ ಇದರಲ್ಲಿ ಸೇರಿವೆ. ಕಲಿಸಲು ಊರಿನ ಕುಶಲಕರ್ಮಿಗಳನ್ನೇ ತೆಗೆದುಕೊಳ್ಳುವುದು ಈ ಪದ್ಧತಿಯ ಜೀವಾಳ.

ಬರದ ನಾಡಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವುದಿದೆ? 100 ಚದರ ಮೀಟರ್ ಮಾಳಿಗೆಯ ಮೇಲೆ 500 ಮಿ.ಮೀ. ಮಳೆ ಬಿದ್ದರೆ 50 ಸಾವಿರ ಲೀಟರ್ ನೀರು. ಸೋರಿದ್ದು, ಆವಿಯಾದದ್ದು ಕಳೆದು ಎಷ್ಟು ಉಳಿದೀತು, ಟಾಕಿ ಎಷ್ಟು ದೊಡ್ಡದಿರಬೇಕು, ಸಿಮೆಂಟು ಎಷ್ಟು ಚೀಲ? ಅಳೆದು, ನಕಾಶೆ ಬರೆದು, ಖರ್ಚು ಲೆಕ್ಕ ಹಾಕಿ, ಕಟ್ಟಿ ನೋಡುವುದೇ ವಿನ್ಯಾಸ. ಗಣಿತ, ವಿಜ್ಞಾನ, ಚಿತ್ರಕಲೆ ಮೂರೂ ಒಂದೇ ಟಾಕಿಯಲ್ಲಿ ಕೂಡುತ್ತವೆ.

"ಕಬ್ಬಣಾ ಬಡಿಯಾಕ ಸಾಲಿಗಿ ಯಾಕ ಕಳಸಬೇಕ್ರಿ?" ಎಂದು ಪಾಲಕರು ಕೇಳಬಹುದು. ಆ ಮಾತಿನಲ್ಲಿ ಸಂಕಟವಿದೆ. ಬಡವರ ಮಕ್ಕಳಿಗೆ ಸುತ್ತಿಗೆ, ಉಳ್ಳವರ ಮಕ್ಕಳಿಗೆ ಕಂಪ್ಯೂಟರ್ ಎಂದಾದರೆ ಅದು ಅನ್ಯಾಯವೇ. ಆದರೆ 1937ರಲ್ಲಿ ಗಾಂಧೀಜಿ ವರ್ಧಾದಲ್ಲಿ ಮುಂದಿಟ್ಟ ನಯೀ ತಾಲೀಮು ಎಲ್ಲ ಮಕ್ಕಳಿಗೂ ಇತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಹ ಆರನೇ ತರಗತಿಯಿಂದಲೇ ಕಸುಬಿನ ಪರಿಚಯ ಆಗಬೇಕೆನ್ನುತ್ತದೆ. ಡಿಪ್ಲೊಮಾ, ಎಂಜಿನಿಯರಿಂಗ್‌ಗೆ ಹೋಗುವವನಿಗೂ ಇದು ಬುನಾದಿಯೇ.

ಗಡಿ ಕನ್ನಡಿಗರಿಗೆ ಇನ್ನೊಂದು ಪ್ರಶ್ನೆ ಇದೆ, ಭಾಷೆಯದು. ಬಾಲಭಾರತಿ ಪಠ್ಯಪುಸ್ತಕ ಕನ್ನಡದಲ್ಲಿ ಕೊಡುತ್ತದೆ. ತಂತ್ರಜ್ಞಾನದ ಕೈಪಿಡಿ, ಪ್ರಾತ್ಯಕ್ಷಿಕೆಯ ಸೂಚನೆಗಳೂ ಕನ್ನಡದಲ್ಲೇ ಮಕ್ಕಳ ಕೈಗೆ ಬರಬೇಕು. ಕರೆಂಟಿನ ಕೆಲಸದಲ್ಲಿ ಒಂದು ಮಾತು ತಪ್ಪು ತಿಳಿದರೆ ಹೋಗುವುದು ಅಂಕವಲ್ಲ, ಜೀವ. ಗೌಂಡಿ ಮಾಮಾ ಓಳಂಬಾ ಅನ್ನಲಿ, ರಸಮಟ್ಟ ಅನ್ನಲಿ, ಹುಡುಗನಿಗೆ ಮನೆಮಾತಿನಲ್ಲಿ ತಿಳಿದರೆ ಸಾಕು.

2022ರ ನವೆಂಬರಿನಲ್ಲಿ ಜತ್ತದ ಹಳ್ಳಿಗಳು ಯಾರಿಗೆ ಸೇರಬೇಕೆಂದು ಎರಡೂ ರಾಜ್ಯಗಳ ದೊಡ್ಡವರು ಮಾತಾಡಿದರು. ಮಹಾರಾಷ್ಟ್ರ ಸರಕಾರ ಕನ್ನಡ ಮಾಧ್ಯಮಿಕ ಶಾಲೆಗಳಿಗೆ ಈ ವಿಷಯ ಕೊಡಲಿ, ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಕನ್ನಡ ಕೈಪಿಡಿಗೆ ನೆರವಾಗಲಿ. ಪಾಲಕರು ಶಾಲೆಯ ಸಭೆಯಲ್ಲಿ ಎದ್ದು ನಿಂತು ಕೇಳಲಿ. ಕೇಳದಿದ್ದರೆ ಯಾರೂ ಕೊಡುವುದಿಲ್ಲ.