ಸತ್ಯ ನಮ್ಮದು, ಕಾಗದ ಧಣಿಗಳದು!



ಖಡಕಿ ಬಜಾರಿನ ಒಂದು ಹೋಟೆಲಿನಲ್ಲಿ ಹನ್ನೊಂದು ವರ್ಷ ದುಡಿದ ಅಡಿಗೆಯವನೊಬ್ಬ ನಮ್ಮ ಸಂಘದ ಬಾಗಿಲಿಗೆ ಬಂದು ನಿಂತ. ಸಂಬಳದಲ್ಲಿ ಅರ್ಧವನ್ನು ಕೈಗೆ ತೆಗೆದುಕೊಂಡು, ಉಳಿದರ್ಧವನ್ನು ಧಣಿಗಳ ಹತ್ತಿರವೇ ಬಿಟ್ಟಿದ್ದನಂತೆ. ಮಗಳ ಮದುವೆಗೆಂದು ಆ ಗಂಟನ್ನು ಕೇಳಿದಾಗ ಧಣಿಗಳು ಮೊದಲು "ಮುಂದಿನ ತಿಂಗಳು ನೋಡೋಣ" ಎಂದರು. ಆಮೇಲೆ "ಲೆಕ್ಕವೆಲ್ಲ ಚುಕ್ತಾ ಆಗಿದೆಯಲ್ಲ" ಎಂದರು. ಕೊನೆಗೆ, ವಕೀಲರ ನೋಟೀಸಿಗೆ ಉತ್ತರವಾಗಿ, "ಈ ಮನುಷ್ಯ ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ" ಎಂದು ಬರೆಯಿಸಿ ಕಳಿಸಿದರು! ನಾವು ಅವನನ್ನು ಕೇಳಿದೆವು: "ನಿನ್ನ ಕೈಯಲ್ಲಿ ಏನಿದೆಯಪ್ಪ?" ಅವನು ಎರಡೂ ಕೈಗಳನ್ನು ಚಾಚಿ ತೋರಿಸಿದ. ಎಣ್ಣೆ ಸಿಡಿದ ಕಲೆಗಳಿದ್ದುವು. ಕಾಗದದ ಚೂರೂ ಇರಲಿಲ್ಲ.

ಇದು ಒಬ್ಬನ ಕಥೆಯಲ್ಲ. "ನಾವೆಲ್ಲ ಒಂದೇ ಸೀಮೆಯವರು, ನಮ್ಮ ನಮ್ಮಲ್ಲಿ ಕಾಗದ ಏಕೆ?" ಎಂಬ ಸವಿಮಾತಿಗೆ ಮರುಳಾಗದವರು ನಮ್ಮಲ್ಲಿ ಎಷ್ಟು ಮಂದಿ? ಆದರೆ ಇದೇ ಧಣಿಗಳು ಹಾಲಿನವನ ಬಿಲ್ಲನ್ನು ಮೊಳೆಗೆ ಚುಚ್ಚಿಡುತ್ತಾರೆ. ತರಕಾರಿಯವನ ಲೆಕ್ಕವನ್ನು ದಿನದಿನವೂ ಬರೆಯುತ್ತಾರೆ. ಕಟ್ಟಡದ ಕರಾರನ್ನು ರಿಜಿಸ್ಟರ್ ಮಾಡಿಸಿ ತಿಜೋರಿಯಲ್ಲಿಡುತ್ತಾರೆ. ಎಲ್ಲರೊಡನೆಯೂ ಕಾಗದ, ನಮ್ಮೊಡನೆ ಮಾತ್ರ ನಂಬಿಕೆ! ಈ ನಂಬಿಕೆಯಿಂದ ಇದುವರೆಗೆ ಯಾರಿಗೆ ಲಾಭವಾಗಿದೆ ಎಂದು ಒಮ್ಮೆ ಯೋಚಿಸಿ ನೋಡಿ.

ನಮ್ಮ ಖಡಕಿಯ ಮದ್ದುಗುಂಡಿನ ಕಾರ್ಖಾನೆ 1869ರಲ್ಲಿ ಆರಂಭವಾದದ್ದು. 2021ರಿಂದ ಅದು ಮ್ಯುನಿಷನ್ಸ್ ಇಂಡಿಯಾ ಎಂಬ ಸರಕಾರೀ ಕಂಪನಿಯ ಕೈಗೆ ಬಂದಿದೆ. ಅಲ್ಲಿಯ ಖಾಯಂ ಕಾರ್ಮಿಕನಿಗೆ ಹಾಜರಿಯಿದೆ, ಸಂಬಳದ ಚೀಟಿಯಿದೆ, ಸೇವಾ ದಾಖಲೆಯಿದೆ. ಅದನ್ನು ಅವನಿಗೆ ಯಾರೂ ಧರ್ಮಕ್ಕೆ ಕೊಟ್ಟದ್ದಲ್ಲ. ಸಂಘ ಕಟ್ಟಿ, ಹೋರಾಡಿ ಪಡೆದದ್ದು. ಅವನಿಗೆ ಚಹಾ ತಂದುಕೊಡುವ ಮಾಣಿಯೂ ಅಷ್ಟೇ ಹೊತ್ತು ದುಡಿಯುತ್ತಾನೆ. ಆದರೆ ನಾಳೆ ಬೆಳಗಾದರೆ ಅವನು ಇಲ್ಲಿ ಇದ್ದನೆಂಬುದಕ್ಕೇ ಗುರುತಿಲ್ಲ.

ಕೋರ್ಟು ಏನು ಹೇಳುತ್ತದೆ? 1872ರ ಸಾಕ್ಷ್ಯ ಕಾಯ್ದೆ ಹೋಗಿ, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಹೆಸರು ಹೊಸದು, ಮೂಲ ಸೂತ್ರ ಹಳೆಯದೇ. ಯಾರು ಒಂದು ಸಂಗತಿ ನಡೆದಿದೆ ಎನ್ನುತ್ತಾನೋ ಅದನ್ನು ರುಜುವಾತು ಮಾಡುವ ಹೊಣೆ ಅವನದೇ. ಅದು 104ನೆಯ ಕಲಮು. ಕೇಳಲಿಕ್ಕೆ ನ್ಯಾಯವಾಗಿಯೇ ಇದೆ. ಆದರೆ ಹಾಜರಿ ಪುಸ್ತಕ ಒಬ್ಬನ ಗಲ್ಲಾಪೆಟ್ಟಿಗೆಯಲ್ಲಿದ್ದು, ರುಜುವಾತಿನ ಹೊಣೆ ಇನ್ನೊಬ್ಬನ ಹೆಗಲ ಮೇಲಿದ್ದರೆ, ಇದನ್ನು ಸಮಾನತೆ ಎನ್ನಬಹುದೇ? ಎನ್ನಲಾಗದೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಆದರೆ ಹೇಳಿ ಸುಮ್ಮನೆ ಕೂತರೆ ಸೋಲು ನಮ್ಮದೇ.

ಕರ್ನಾಟಕದ ಇಬ್ಬರು ದಿನಗೂಲಿ ಕಾರ್ಮಿಕರ ವ್ಯಾಜ್ಯಗಳನ್ನು ಕೇಳಿ. ಇಬ್ಬರೂ 1947ರ ಕೈಗಾರಿಕಾ ವಿವಾದ ಕಾಯ್ದೆಯ ಕಾಲದವರು. ಇಬ್ಬರೂ ವರ್ಷದಲ್ಲಿ 240 ದಿನ ದುಡಿದಿದ್ದೇವೆಂದು ತೋರಿಸಬೇಕಾಗಿತ್ತು. ಮೊದಲನೆಯವನು ಅರಣ್ಯ ಇಲಾಖೆಯವನು. 2002ರಲ್ಲಿ ಸುಪ್ರೀಂ ಕೋರ್ಟು ಅವನ ವಿರುದ್ಧ ತೀರ್ಪಿತ್ತಿತು. ಅವನ ಕಡೆಯಿಂದ ಇದ್ದದ್ದು ಅವನದೇ ಪ್ರಮಾಣಪತ್ರ ಮಾತ್ರ. ಸಂಬಳ ಪಡೆದ ಗುರುತಿಲ್ಲ, ನೇಮಕದ ಕಾಗದವಿಲ್ಲ. ತನ್ನ ಪರವಾಗಿ ತಾನೇ ಹೇಳಿಕೊಂಡದ್ದು ಸಾಕಾಗದೆಂದಿತು ಕೋರ್ಟು. ಎರಡನೆಯವನು ಅಥಣಿ ಕಡೆಯ ಹಿಪ್ಪರಗಿ ಅಣೆಕಟ್ಟಿನ ಕಾಮಗಾರಿಯವನು. ಇವನ ಕೈಯಲ್ಲಿ, 1988ರಿಂದ 1994ರವರೆಗೆ ದುಡಿದಿದ್ದಾನೆಂದು ಹಿಂದಿನ ಅಧಿಕಾರಿ ಬರೆದುಕೊಟ್ಟಿದ್ದ ಒಂದು ಹಾಳೆ ಇತ್ತು. ಇವನು ಸಾಕ್ಷಿಕಟ್ಟೆ ಹತ್ತಿ ಹೇಳಿದ. ಹಾಜರಿಪಟ್ಟಿ ತನ್ನಿರೆಂದು ಇಲಾಖೆಯನ್ನು ಕೇಳಿದ. ಇಲಾಖೆ ಪೂರ್ತಿ ಪಟ್ಟಿಯನ್ನು ತರಲಿಲ್ಲ. 2005ರಲ್ಲಿ ಅದೇ ಸುಪ್ರೀಂ ಕೋರ್ಟು ಈ ಕಾರ್ಮಿಕನ ಪರವಾಗಿ ತೀರ್ಪಿತ್ತಿತು. ದಿನಗೂಲಿಯವನಿಗೆ ನೇಮಕದ ಕಾಗದ ಎಲ್ಲಿಂದ ಬರಬೇಕು, ಅವನು ಮಾಲೀಕನ ಪುಸ್ತಕಗಳನ್ನು ತರಿಸಿರೆಂದು ಕೇಳಬಲ್ಲನಷ್ಟೆ ಎಂಬುದನ್ನೂ ಆ ತೀರ್ಪು ಒಪ್ಪಿತು.

ಇಬ್ಬರ ಬೆವರಿನಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಒಂದು ಹಾಳೆಯಲ್ಲಿ, ಒಂದು ಕೇಳಿಕೆಯಲ್ಲಿ. ಅಡಗಿಸಿಟ್ಟ ದಾಖಲೆ ಅಡಗಿಸಿದವನ ವಿರುದ್ಧವೇ ನುಡಿಯುತ್ತಿತ್ತೆಂದು ಕೋರ್ಟು ಭಾವಿಸಬಹುದು. ಭಾವಿಸಲೇಬೇಕೆಂದಿಲ್ಲ. ಆದುದರಿಂದ ನಮ್ಮ ಕಡೆಯಿಂದ ಸ್ವಲ್ಪವಾದರೂ ಪುರಾವೆ ಇರಬೇಕು. ಅವರ ಪುಸ್ತಕವನ್ನು ಬರವಣಿಗೆಯಲ್ಲಿಯೇ ಕೇಳಬೇಕು. ಕೇಳದೆ ಇದ್ದ ಪುಸ್ತಕ ತರಲಿಲ್ಲವೆಂದು ಆಮೇಲೆ ಗೋಳಾಡಿ ಫಲವಿಲ್ಲ.

ಕಾಲದ ಮಾತೂ ಇದೆ. 1963ರ ಕಾಲಮಿತಿ ಕಾಯ್ದೆಯಂತೆ ಬಾಕಿ ಸಂಬಳದ ದಾವೆಗೆ, ಆ ಸಂಬಳ ಸಲ್ಲಬೇಕಾದ ದಿನದಿಂದ ಮೂರು ವರ್ಷ. ಕೇಳಿದಾಗ ಕೊಡಬೇಕೆಂಬ ಒಪ್ಪಂದದ ಮೇಲೆ ಇಟ್ಟ ಠೇವಣಿಯಾದರೆ, ಕೇಳಿದ ದಿನದಿಂದ ಮೂರು ವರ್ಷ. ನಮ್ಮ ಅಡಿಗೆಯವನ ಹನ್ನೊಂದು ವರ್ಷದ ಗಂಟು ಬಾಕಿಯೋ ಠೇವಣಿಯೋ? ಠೇವಣಿಯೆಂದು ಒಂದು ಸಾಲು ಬರೆಸಿಕೊಂಡಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಒಂದು ಸಾಲು ಇಲ್ಲದೆ ಎಂಟು ವರ್ಷದ ಬೆವರು ನೀರಿನಲ್ಲಿ ಹೋಗಬಹುದು!

ಈಗ ನಮ್ಮವರಿಗೂ ನಾಲ್ಕು ಕಟುಮಾತು ಹೇಳಬೇಕಾಗಿದೆ. ಈ ಸುದ್ದಿ ಹಬ್ಬಿದ ಕೂಡಲೇ ನಾಲ್ವರು ಗೆಳೆಯರು ಓಡಿಬಂದರು: "ಧಣಿಗಳು ದುಡ್ಡು ಇಟ್ಟುಕೊಂಡದ್ದನ್ನು ಕಣ್ಣಾರೆ ಕಂಡೆವೆಂದು ಹೇಳುತ್ತೇವೆ." ಕಂಡಿದ್ದರೇ? ಇಲ್ಲ. ಅವನ ಬಾಯಿಂದ ಕೇಳಿದ್ದರು. ಗೆಳೆತನ ದೊಡ್ಡದು, ಆದರೆ ಈ ಸಾಕ್ಷಿ ಬೇಡವೆಂದೆವು. ಕಂಡದ್ದನ್ನು ಕಂಡವನೇ ಹೇಳಬೇಕು. ಪಾಟೀಸವಾಲಿನಲ್ಲಿ ಒಂದು ಸುಳ್ಳು ಬಯಲಾದರೆ ಅದರ ಜೊತೆಗಿದ್ದ ಹತ್ತು ಸತ್ಯಗಳೂ ಸಂಶಯಕ್ಕೆ ಈಡಾಗುತ್ತವೆ. ಅವರಲ್ಲೊಬ್ಬನು ಅವನ ಜೊತೆ ಆರು ವರ್ಷ ಅದೇ ಒಲೆಯ ಮುಂದೆ ನಿಂತಿದ್ದವನು. ಅಷ್ಟನ್ನೇ ಹೇಳು, ಅದು ಬೆಟ್ಟದಷ್ಟು ಎಂದೆವು. ಸಾಕ್ಷಿಗಳ ತಲೆಯೆಣಿಕೆ ಕಾಯ್ದೆಗೆ ಬೇಕಿಲ್ಲ.

ಆಮೇಲೆ ಹುಡುಕತೊಡಗಿದೆವು. ಹೋಟೆಲಿಗೆ ಗ್ಯಾಸ್ ಸಿಲಿಂಡರು ಬಂದಾಗ ಸಹಿ ಹಾಕುತ್ತಿದ್ದವನು ಇವನೇ. ಆ ಚೀಟಿಗಳು ಸರಬರಾಜುದಾರರಲ್ಲಿರಬೇಕು, ಕೋರ್ಟಿನ ಮೂಲಕ ತರಿಸಬಹುದು. ಮಗ ಗುಜರಿಗೆ ಹಾಕಲಿದ್ದ, ಗಾಜು ಒಡೆದ ಹಳೆಯ ಫೋನಿನಲ್ಲಿ ಧಣಿಗಳ ಸಂದೇಶ ಸಿಕ್ಕಿತು: "ನಿನ್ನ ಲೆಕ್ಕ ದೀಪಾವಳಿಗೆ ಮಾಡೋಣ." ಕೆಲಸಕ್ಕೇ ಇರದವನ ಲೆಕ್ಕ ಯಾವುದು? ಮೂಲ ಫೋನನ್ನೇ ಅದರ ಒಡೆಯ ಸಾಕ್ಷಿಕಟ್ಟೆಗೆ ತಂದು ತೋರಿಸಿದರೆ ಬೇರೆ ಪ್ರಮಾಣಪತ್ರ ಬೇಡವೆಂದು, ಜಾಲನಾ ಚುನಾವಣೆಯ ತಕರಾರಿನಲ್ಲಿ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬರಿಯ ಅಚ್ಚಿನ ಪ್ರತಿ ಕೊಟ್ಟರೆ ಪ್ರಮಾಣಪತ್ರ ಬೇಕೇ ಬೇಕು. ಈಗ ಅದು 63ನೆಯ ಕಲಮಿನಲ್ಲಿದೆ. ಆದುದರಿಂದ ಹಳೆಯ ಫೋನನ್ನು ಮಾರಬೇಡಿ, ಸಂದೇಶವನ್ನು ಅಳಿಸಬೇಡಿ.

ಸಿವಿಲ್ ದಾವೆಯಲ್ಲಿ ಸಂಶಯಾತೀತ ರುಜುವಾತು ಬೇಕಿಲ್ಲ. ತಕ್ಕಡಿ ಯಾವ ಕಡೆಗೆ ವಾಲಿತು ಎಂಬುದೇ ಮುಖ್ಯ. ಒಂದು ಚೀಟಿ, ಒಂದು ಸಂದೇಶ, ಒಬ್ಬ ನಿಜವಾದ ಸಾಕ್ಷಿ ಸೇರಿ ತಕ್ಕಡಿಯನ್ನು ವಾಲಿಸಬಲ್ಲವು. ಅವನ ದಾವೆ ಇನ್ನೂ ನಡೆದಿದೆ. ಗೆದ್ದೇ ಗೆಲ್ಲುತ್ತಾನೆಂದು ನಾವು ಬೊಗಳೆ ಬಿಡುವುದಿಲ್ಲ. ಆದರೆ ಬರಿಗೈಯಲ್ಲಿ ಹೋಗಲಿಲ್ಲ.

ಇನ್ನೊಂದು ಗಂಡಾಂತರವಿದೆ. ವಾದಿಯ ಮುಖ್ಯ ಹೇಳಿಕೆ ಈಗ ಪ್ರಮಾಣಪತ್ರದ ರೂಪದಲ್ಲಿ ಹೋಗುತ್ತದೆ. ಇಲ್ಲಿ ಅದು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ತಯಾರಾಗುತ್ತದೆ. ನಮ್ಮವನು ಓದದೆ ಸಹಿ ಹಾಕಿ, ಪಾಟೀಸವಾಲಿನಲ್ಲಿ "ಇದರಲ್ಲಿ ಏನಿದೆಯೋ ನನಗೆ ತಿಳಿಯದು" ಎಂದರೆ ದಾವೆ ಅಲ್ಲಿಗೇ ಕುಸಿಯಿತು! ಪ್ರತಿಯೊಂದು ಸಾಲನ್ನೂ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಖಾಲಿ ಕಾಗದಕ್ಕೆ ಸಹಿಯಾಗಲಿ ಹೆಬ್ಬೆಟ್ಟಾಗಲಿ ಹಾಕಕೂಡದು, ಧಣಿಗಳಿಗೂ, ನಿಮ್ಮ ವಕೀಲರಿಗೂ.

"ಕಾಗದ ಕೇಳಿದರೆ ಕೆಲಸ ಹೋಗುತ್ತದೆ" ಎನ್ನುವಿರಿ. ಒಬ್ಬನೇ ಕೇಳಿದರೆ ಹೋದೀತು, ನಿಜ. ಅದಕ್ಕೇ ಹೇಳುತ್ತೇವೆ, ಎಲ್ಲರೂ ಕೂಡಿ ಕೇಳಿ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಹೊಸ ಶ್ರಮಸಂಹಿತೆಗಳೂ ನೇಮಕಾತಿ ಪತ್ರದ ಮಾತನ್ನಾಡುತ್ತವೆ. ಆ ಮಾತನ್ನು ನಮ್ಮ ಹೋಟೆಲಿನ ಅಡಿಗೆಮನೆಯವರೆಗೆ ಎಳೆದು ತರತಕ್ಕದ್ದು ಸಂಘದ ಕೆಲಸ. "ವಕೀಲರಿಗೆ ದುಡ್ಡೆಲ್ಲಿ?" ಎನ್ನುವಿರಿ. 1987ರ ಕಾನೂನು ಸೇವೆಗಳ ಕಾಯ್ದೆ ಕೈಗಾರಿಕಾ ಕಾರ್ಮಿಕರಿಗೆ, ಹೆಂಗಸರಿಗೆ, ಪರಿಶಿಷ್ಟರಿಗೆ ಉಚಿತ ವಕೀಲರನ್ನು ಕೊಡಬೇಕೆನ್ನುತ್ತದೆ. ಶಿವಾಜಿನಗರದ ಜಿಲ್ಲಾ ನ್ಯಾಯಾಲಯದಲ್ಲಿ ಹೋಗಿ ವಿಚಾರಿಸಿ. ಅದು ಭಿಕ್ಷೆಯಲ್ಲ, ಹಕ್ಕು.

ಸಂಘವೂ ತನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಘೋಷಣೆ ಕೂಗುವುದನ್ನು ಕಲಿಸಿದೆವು, ತಾರೀಖು ಬರೆದಿಡುವುದನ್ನು ಕಲಿಸಲಿಲ್ಲ. ಇಂದಿನಿಂದ ಪ್ರತಿಯೊಬ್ಬ ಸದಸ್ಯನೂ ಒಂದು ನೋಟ್‌ಬುಕ್ ಇಟ್ಟು, ಕೆಲಸಕ್ಕೆ ಹೋದ ದಿನ, ಕೈಗೆ ಬಂದ ಹಣ, ಧಣಿಗಳಲ್ಲಿ ಬಿಟ್ಟ ಹಣ, ಎದುರಿಗಿದ್ದವರ ಹೆಸರು, ಇಷ್ಟನ್ನು ಅಂದಂದೇ ಬರೆಯಲಿ. ಬರೆಯಬಾರದವನಿಗೆ ಬರೆಯಬಲ್ಲ ಸೋದರನು ಬರೆದುಕೊಡಲಿ. ಆ ಪುಸ್ತಕವೊಂದೇ ದಾವೆ ಗೆಲ್ಲಿಸದು; ಆದರೆ ಏನನ್ನು ಹುಡುಕಬೇಕು, ಯಾರನ್ನು ಕರೆಯಬೇಕು ಎಂಬುದಕ್ಕೆ ಅದೇ ದಾರಿ. ಮತ್ತು ದುಡ್ಡನ್ನು ಧಣಿಗಳ ಹತ್ತಿರ ಬಿಡುವ ಚಾಳಿ ಇಂದಿಗೇ ನಿಲ್ಲಲಿ. ನಮ್ಮ ದುಡಿಮೆ ನಮ್ಮ ಖಾತೆಗೇ ಬರಲಿ.

ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿಗೆ ಒಲೆ ಹಚ್ಚುವ ಮೊದಲು ನಿಮಗೆ ಒಂದು ಗಳಿಗೆ ಬಿಡುವಿರುತ್ತದೆ. ಅದರಲ್ಲಿ ಐದು ನಿಮಿಷ ಈ ಕೆಲಸಕ್ಕೆ ಕೊಡಿ. ಹನ್ನೊಂದು ವರ್ಷದ ಮೇಲೆ ಸಂಘದ ಬಾಗಿಲಲ್ಲಿ ಬರಿಗೈ ಚಾಚಿ ನಿಲ್ಲುವ ಸರದಿ ಇನ್ನಾರದೂ ಆಗದಿರಲಿ.