ಕಿರಿಯರ ಓದೂ ಹಿರಿಯರ ತೀರ್ಪೂ

ಕಳೆದ ತಿಂಗಳ ನಮ್ಮ ಸಾಹಿತ್ಯಗೋಷ್ಠಿಯಲ್ಲಿ ವಯೋವೃದ್ಧರೂ ವಿದ್ಯಾವೃದ್ಧರೂ ಆದ ಮಹನೀಯರೊಬ್ಬರು ಒಂದು ಮಾತನ್ನಾಡಿದರು. ಹೈಸ್ಕೂಲು ಕಾಲೇಜುಗಳ ಹುಡುಗ ಹುಡುಗಿಯರು ಪಾಠಪುಸ್ತಕಗಳನ್ನು ಮೂಲೆಗೊತ್ತಿ ಕಾದಂಬರಿಗಳನ್ನು ಓದುತ್ತಿರುವರೆಂದೂ, ಓದುವುದು ಸಾಲದೆಂದು ಇದು ಮೇಲು ಅದು ಕೀಳು ಎಂದು ತಮ್ಮತಮ್ಮೊಳಗೆ ತೀರ್ಪನ್ನೂ ಕೊಟ್ಟುಕೊಳ್ಳುತ್ತಿರುವರೆಂದೂ ಅವರು ಬಹಳವಾಗಿ ವ್ಯಸನಪಟ್ಟರು. “ಓದುವುದು ಮಕ್ಕಳ ಕೆಲಸ, ಬೆಲೆ ಕಟ್ಟುವುದು ದೊಡ್ಡವರ ಕೆಲಸ” ಎಂದು ಅವರು ಮುಗಿಸಿದಾಗ ಸಭೆಯು ಕೈತಟ್ಟಿತು. ಸತ್ಯವನ್ನು ಮುಚ್ಚಿಡಲಾರೆನು, ತಟ್ಟಿದ ಕೈಗಳಲ್ಲಿ ನನ್ನವೂ ಎರಡು ಇದ್ದುವು. ಆ ತಪ್ಪಿಗೆ ಈ ಲೇಖನವೇ ಪ್ರಾಯಶ್ಚಿತ್ತವು.

ಗೋಷ್ಠಿಯನ್ನು ಮುಗಿಸಿಕೊಂಡು ಉಡುಪಿಯಿಂದ ಕಾರ್ಕಳಕ್ಕೆ ಮರಳುವ ಸಂಜೆಯ ಬಸ್ಸನ್ನೇರಿದೆನು. ಮಣಿಪಾಲದಲ್ಲಿ ಕಾಲೇಜಿನ ಮಕ್ಕಳು ಮೂವರು ಹತ್ತಿ ನನ್ನ ಮುಂದಿನ ಆಸನಗಳಲ್ಲಿ ಕುಳಿತರು. ಇಬ್ಬರು ಹುಡುಗಿಯರು; ಒಬ್ಬ ಹುಡುಗನು. ಹುಡುಗನು ಕಾಪುವಿನವನೆಂದೂ, ಶನಿವಾರವಾದುದರಿಂದ ಕಾರ್ಕಳದ ಅತ್ತೆಯ ಮನೆಗೆ ಹೊರಟವನೆಂದೂ ಅವರ ಮಾತಿನಿಂದ ತಿಳಿಯಿತು. ಒಬ್ಬಳ ಕೈಯಲ್ಲಿ ಒಂದು ಇಂಗ್ಲಿಷ್ ಕಾದಂಬರಿಯಿದ್ದಿತು. ಜಾನ್ ಗ್ರೀನ್ ಎಂಬ ಅಮೆರಿಕದ ಲೇಖಕನು ಬರೆದುದು, ‘ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್’ ಎಂದು ಅದರ ಹೆಸರು, 2012ರಲ್ಲಿ ಪ್ರಕಟವಾದುದು. ಪರ್ಕಳದಿಂದ ಹಿರಿಯಡ್ಕದವರೆಗೂ ಆ ಮೂವರು ಅದರ ವಿಚಾರವಾಗಿ ಮಾಡಿದ ವಾದವು ನಮ್ಮ ಗೋಷ್ಠಿಯ ಎರಡು ಗಂಟೆಗಳ ಭಾಷಣಗಳಿಗಿಂತ ಜೀವಂತವಾಗಿದ್ದಿತು.

ಕಥೆಯು ಇಂತಿರುವುದು. ಅರ್ಬುದರೋಗಕ್ಕೆ ತುತ್ತಾದ ಹದಿನಾರರ ಹುಡುಗಿಯೊಬ್ಬಳಿಗೆ ಒಂದು ಪುಸ್ತಕವು ಪ್ರಾಣಪ್ರಿಯವಾಗಿದೆ. ಆ ಪುಸ್ತಕವೋ ವಾಕ್ಯದ ನಡುವೆಯೇ ನಿಂತುಹೋಗಿದೆ. ಮುಂದೆ ಅದರೊಳಗಿನ ಜನರ ಗತಿ ಏನಾಯಿತೆಂದು ಕೇಳುವುದಕ್ಕಾಗಿಯೇ ಅವಳೂ ಅವಳ ಪ್ರಿಯನೂ ಕಡಲು ದಾಟಿ ಆಮ್‌ಸ್ಟರ್‌ಡಾಮಿಗೆ ಹೋಗಿ ಆ ಗ್ರಂಥಕರ್ತನನ್ನು ಕಾಣುತ್ತಾರೆ, ಆತನು ಹೇಳಲೊಲ್ಲನು. ಪುಸ್ತಕ ಹಿಡಿದಿದ್ದ ಹುಡುಗಿಯು ಇದನ್ನು ಕೊಂಡಾಡಿದಳು. ಎರಡನೆಯವಳು, “ಸಾಯುವವರ ಕತೆ ಹೇಳಿ ಅಳಿಸುವುದು ಎಂತ ದೊಡ್ಡ ಕೆಲಸ?” ಎಂದು ಮುರಿದು ನುಡಿದಳು. ಕಾಪುವಿನ ಹುಡುಗನು ಅವರಿಬ್ಬರನ್ನೂ ಬಿಟ್ಟು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನು ಹಿಡಿದುಕೊಂಡನು. ಅಷ್ಟು ಹುಡುಕಿದ ಹಾರುವ ಓತಿಯು ಕಡೆಗೆ ಕೈಗೆ ಸಿಗದೆ ಹಾರಿಹೋದುದೇ ಆ ಪುಸ್ತಕದ ಬೆಲೆಯೆಂದೂ, ಸಿಕ್ಕಿದ್ದರೆ ಅದು ಬರಿಯ ಪ್ರಾಣಿಶಾಸ್ತ್ರದ ಪಾಠವಾಗುತ್ತಿತ್ತೆಂದೂ ಅವನ ಅಭಿಪ್ರಾಯ. 1980ರ ಆ ಕಾದಂಬರಿಯನ್ನು ಕುರಿತು ನಾನು ತರಗತಿಯಲ್ಲಿ ಎಷ್ಟೋ ಸಲ ಮಾತನಾಡಿರುವೆನು; ಇಷ್ಟು ಚೊಕ್ಕವಾಗಿ ಒಮ್ಮೆಯೂ ಹೇಳಿದವನಲ್ಲ.

ನನಗೆ ಬಾಯಿ ಕಟ್ಟಲಾಗಲಿಲ್ಲ. “ಮಕ್ಕಳೇ, ಅರ್ಧಕ್ಕೆ ನಿಂತ ಕಥೆಯೊಂದು ನಮ್ಮಲ್ಲಿಯೂ ಉಂಟು” ಎಂದು ಆರಂಭಿಸಿ, ಬಾಣಭಟ್ಟನು ‘ಕಾದಂಬರಿ’ಯನ್ನು ಬರೆಯುತ್ತಿರುವಾಗಲೇ ತೀರಿಹೋದುದನ್ನೂ, ಕಥೆ ಕಡಿದುಹೋಯಿತೆಂದು ಸಜ್ಜನರು ಪಡುತ್ತಿದ್ದ ದುಃಖವನ್ನು ಕಂಡು ಅವನ ಮಗನು ಉಳಿದುದನ್ನು ಬರೆದು ಮುಗಿಸಿದುದನ್ನೂ ಹೇಳಿದೆನು. ಮಹಾಶ್ವೇತೆ ಯಾರು, ಪುಂಡರೀಕನು ಹೇಗೆ ಸತ್ತನು ಎಂದು ಹೇಳುವಷ್ಟರಲ್ಲಿ ಬೈಲೂರು ಬಂದಿತು. “ಮತ್ತೆ ಎಂತ ಆಯ್ತು ಅಜ್ಜ?” ಎಂದು ಹುಡುಗಿ ಕೇಳಿದಳು. ಹೇಳಿದೆನು. ಆಮೇಲೆ ಅವಳು ಕೇಳಿದ ಪ್ರಶ್ನೆಯೇ ನನ್ನನ್ನು ಇಂದಿಗೂ ಬಿಟ್ಟಿಲ್ಲ: “ಅಪ್ಪ ಬರೆದದ್ದು ಚಂದ ಉಂಟಾ, ಮಗ ಬರೆದದ್ದು ಚಂದ ಉಂಟಾ? ನಿಮಗೆ ಯಾವುದು ಇಷ್ಟ?”

ವಾಚಕಮಹಾಶಯರೇ, ಸಂಸ್ಕೃತ ಪಾಠಶಾಲೆಯಲ್ಲಿ ಆ ಗ್ರಂಥವನ್ನು ಪಂಕ್ತಿಪಂಕ್ತಿಯಾಗಿ ಓದಿದವನು ನಾನು. ಆದರೂ ಆ ಕ್ಷಣದಲ್ಲಿ ಪಂಡಿತರ ಅಭಿಪ್ರಾಯಗಳು ನಾಲ್ಕಾರು ನಾಲಗೆಗೆ ಬಂದುವೇ ಹೊರತು ನನ್ನದೆಂಬುದು ಒಂದೂ ಬರಲಿಲ್ಲ. ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ. ನಾನೂ ಮೂವತ್ತು ವರ್ಷಗಳ ಉಪಾಧ್ಯಾಯವೃತ್ತಿಯಲ್ಲಿ ಯಾವ ವಿದ್ಯಾರ್ಥಿಯನ್ನೂ ಕೇಳಿದವನಲ್ಲ. ಓದುವುದು ಮಕ್ಕಳ ಕೆಲಸವೆಂದೂ ಬೆಲೆ ಕಟ್ಟುವುದು ದೊಡ್ಡವರದೆಂದೂ ವಿಭಾಗಿಸಿದುದರ ಫಲವು ಇದೇ. ಬಾಲ್ಯದಲ್ಲಿ ಬೆಲೆ ಕಟ್ಟಲು ಕಲಿಯದವನು ದೊಡ್ಡವನಾದ ಮೇಲೆ ಎಲ್ಲಿಂದ ಕಟ್ಟಿಯಾನು?

ಇನ್ನು ಪೂರ್ವಪಕ್ಷಗಳನ್ನು ಒಂದೊಂದಾಗಿ ನೋಡೋಣ.

ಹರೆಯದವರಿಗೆಂದೇ ಕಾದಂಬರಿಗಳಿರುವುದು ಪರದೇಶದ ಪದ್ಧತಿ, ನಮ್ಮದಲ್ಲವೆಂಬುದು ಮೊದಲನೆಯದು. ಕಾದಂಬರಿ ಎಂಬ ಹೆಸರೇ ಬಾಣನ ಕೃತಿಯಿಂದ ಬಂದುದಲ್ಲವೇ? ಆ ಕೃತಿಯ ನಾಯಕನಾಯಿಕೆಯರೆಲ್ಲರೂ ಹೊಸ ಹರೆಯದವರೇ. ಅದನ್ನು ನಾಗವರ್ಮನು ಕನ್ನಡಿಸಿ ಸಾವಿರ ವರ್ಷಗಳಾದುವು. ಪಂಚತಂತ್ರವು ಹುಟ್ಟಿದುದೇ ಓದಿನಲ್ಲಿ ಮನಸ್ಸಿಲ್ಲದ ರಾಜಕುಮಾರರಿಗಾಗಿ. ಅಷ್ಟು ದೂರ ಹೋಗುವುದೇಕೆ? ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆನಿಸಿದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯು 1899ರಲ್ಲಿ ಅಚ್ಚಾದುದು ನಮ್ಮ ನೆರೆಯ ಮಂಗಳೂರಿನಲ್ಲಿಯೇ, ಅದರ ನಾಯಿಕೆಯು ಎಳೆಯ ಪ್ರಾಯದ ವಿಧವೆ. ಈಚಿನದನ್ನೇ ಹೇಳುವುದಾದರೆ, ಕೇಂದ್ರ ಸಾಹಿತ್ಯ ಅಕಾಡೆಮಿಯು 2010ರಿಂದ ಕೊಡುತ್ತಿರುವ ಬಾಲಸಾಹಿತ್ಯ ಪುರಸ್ಕಾರವು ಕನ್ನಡದಲ್ಲಿ ಮೂರು ವರ್ಷ ಎಡೆಬಿಡದೆ ಕಾದಂಬರಿಗಳಿಗೇ ಸಂದಿತು: 2021ರಲ್ಲಿ ಬಸು ಬೇವಿನಗಿಡದರ ‘ಓಡಿ ಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’. ಹಾಲಾಡಿಯು ಯಾವ ಪರದೇಶದಲ್ಲಿರುವುದು? ನಮ್ಮ ಉಡುಪಿ ಜಿಲ್ಲೆಯಲ್ಲಿಯೇ. ಇವುಗಳಲ್ಲಿ ಒಂದನ್ನಾದರೂ ಓದಿದವರು ಆ ದಿನದ ಸಭೆಯಲ್ಲಿ ಎಷ್ಟು ಮಂದಿಯಿದ್ದರು? ಓದದೆಯೇ ನಿಂದಿಸುವವರು, ಓದಿ ಹೊಗಳುವ ಮಕ್ಕಳನ್ನು ಅವಿವೇಕಿಗಳೆನ್ನುವುದು ಯಾವ ನ್ಯಾಯವು?

ಪ್ರೇಮ, ಮರಣ, ಮನೆಬಿಟ್ಟು ಹೋಗುವುದು ಮೊದಲಾದ ವಿಷಯಗಳಿಂದ ಎಳೆಯ ಮನಸ್ಸು ಕೆಡುವುದೆಂಬುದು ಎರಡನೆಯ ಆಕ್ಷೇಪವು. ಹಾಗಾದರೆ ಮೊದಲು ಕೆಡಬೇಕಾದವರು ಪಾಠಶಾಲೆಯವರಾದ ನಾವು. ಹದಿನೈದು ಹದಿನಾರರ ಪ್ರಾಯದಲ್ಲಿ ಶಾಕುಂತಲವನ್ನೂ ಮೇಘದೂತವನ್ನೂ ನಾವು ಓದಿದೆವು; ತಪಸ್ವಿಕುಮಾರನೊಬ್ಬನು ವಿರಹದಿಂದ ಪ್ರಾಣವನ್ನೇ ಬಿಟ್ಟ ಕಥೆಯನ್ನು ಕಂಠಪಾಠವೇ ಮಾಡಿದೆವು. ಯಾರೂ ಕೆಡಲಿಲ್ಲ. ಕೆಡದಿರುವುದಕ್ಕೆ ಒಂದು ಕಾರಣವನ್ನೂ ಹೇಳುವೆನು: ಸಮಾಸಗಳನ್ನು ಬಿಡಿಸುವುದರೊಳಗಾಗಿಯೇ ಮಹಾಶ್ವೇತೆಯ ಕಣ್ಣೀರು ಆರಿಹೋಗುತ್ತಿತ್ತು. ಇದನ್ನು ಶೀಲದ ರಕ್ಷಣೆಯೆಂದು ಹೊಗಳುವವರು ಹೊಗಳಲಿ. ನಾನು ಅದನ್ನು ಕಾವ್ಯದ ನಷ್ಟವೆನ್ನುವೆನು. ಪ್ರೀತಿಯೂ ಸಾವೂ ಪುಸ್ತಕದಿಂದ ಮನೆಯೊಳಕ್ಕೆ ಬರುವ ಪದಾರ್ಥಗಳಲ್ಲ. ಅವು ತಾವಾಗಿಯೇ ಬರುವುವು. ಬರುವ ಮುಂಚೆ ಅವುಗಳ ಮುಖಪರಿಚಯವನ್ನು ಮಾಡಿಸಿಕೊಡುವುದು ಒಳ್ಳೆಯ ಕಾದಂಬರಿಯ ಉಪಕಾರವು. ಕೆಟ್ಟ ಕಾದಂಬರಿಗಳಿಲ್ಲವೆಂದು ನಾನು ಹೇಳುತ್ತಿಲ್ಲ. ಒಳ್ಳೆಯದು ಕೆಟ್ಟದ್ದರ ಭೇದವು ನಾಲ್ಕು ಜನರೊಡನೆ ಮಾತನಾಡಿ ತಿಳಿಯುವುದೇ ಹೊರತು, ದಿಂಬಿನಡಿಯಲ್ಲಿ ಬಚ್ಚಿಟ್ಟು ಓದುವುದರಿಂದ ತಿಳಿಯುವುದಿಲ್ಲ.

ಮಕ್ಕಳಿಗೆ ಅಭಿಪ್ರಾಯ ಹೇಳುವ ಅಧಿಕಾರವಿಲ್ಲವೆಂಬುದು ಮೂರನೆಯದು. ಇದೇ ಮೂಲದ ರೋಗವು. ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ವಿಮರ್ಶಕರನ್ನು ನಾಲ್ಕು ಬಗೆಯಾಗಿ ಎಣಿಸಿರುವನು. ಏನನ್ನು ಕೊಟ್ಟರೂ ರುಚಿಸದವನು ಅರೋಚಕಿ. ಹುಲ್ಲುಸಹಿತವಾಗಿ ಎಲ್ಲವನ್ನೂ ತಿನ್ನುವವನು ಸತೃಣಾಭ್ಯವಹಾರಿ. ಇತರರ ಗುಣವನ್ನು ಕಂಡು ಕುದಿಯುವವನು ಮತ್ಸರಿ. ತಿರುಳನ್ನು ಹಿಡಿಯುವವನು ತತ್ತ್ವಾಭಿನಿವೇಶಿ. ಈ ಕಡೆಯವನು ಸಾವಿರಕ್ಕೊಬ್ಬನು ಸಿಕ್ಕಿದರೆ ಭಾಗ್ಯವೆಂದು ಅವನ ಮತ. ಹರೆಯದ ಓದುಗರು ಬಹುಮಟ್ಟಿಗೆ ಎರಡನೆಯ ಗುಂಪಿನವರೆಂದು ಒಪ್ಪುವೆನು. ಆದರೆ ನಾವು ಮೊದಲನೆಯ ಗುಂಪಿನವರಲ್ಲವೇ? ಹುಲ್ಲನ್ನೂ ತಿನ್ನುವ ಹಸಿವುಳ್ಳವನಿಗೆ ಕ್ರಮೇಣ ಧಾನ್ಯದ ರುಚಿ ತಿಳಿದೀತು. ಹಸಿವೇ ಸತ್ತವನಿಗೆ ಯಾವ ಔಷಧವುಂಟು? ಪ್ರಾಯವನ್ನು ಅಳತೆಗೋಲಾಗಿ ರಾಜಶೇಖರನೂ ಇಡಲಿಲ್ಲ. ಅಮೆರಿಕದಲ್ಲಿ ಹರೆಯದವರ ಕಾದಂಬರಿಗಳಿಗೆ ಮೇಲ್ಪಂಕ್ತಿಯಾದ ‘ದಿ ಔಟ್‌ಸೈಡರ್ಸ್’ ಎಂಬುದು 1967ರಲ್ಲಿ ಹೊರಬಂದಾಗ ಅದನ್ನು ಬರೆದ ಎಸ್. ಇ. ಹಿಂಟನ್ ಎಂಬವಳಿಗೆ ಇನ್ನೂ ಹದಿನೆಂಟು. ಬರೆಯಲು ಸಾಕಾದ ಪ್ರಾಯವು ಓದಿ ಹೇಳಲು ಸಾಲದೇ?

ಕಾರ್ಕಳ ತಾಲೂಕಿನ ನಂದಳಿಕೆಯವನಾದ ಮುದ್ದಣನನ್ನು ನಾವು ವರ್ಷಕ್ಕೊಮ್ಮೆ ಸ್ಮರಿಸಿ ಹಾರ ಹಾಕುವೆವು. ಅವನ ‘ಶ್ರೀರಾಮಾಶ್ವಮೇಧ’ಕ್ಕೆ ಜೀವ ಕೊಟ್ಟವಳು ಯಾರು? ಕಥೆಯ ನಡುನಡುವೆ ತಡೆದು, ಕೆಣಕಿ, ಒಪ್ಪಿ, ಒಪ್ಪದೆ ಮಾತನಾಡುವ ಮನೋರಮೆ. ತನಗೆ ಯಾವ ಬಗೆಯ ಕಥೆ ಬೇಕು, ಅದು ಪದ್ಯದಲ್ಲಿರಬೇಕೋ ಗದ್ಯದಲ್ಲಿರಬೇಕೋ ಎಂದು ಕವಿಗೇ ಹೇಳಿದವಳು ಅವಳು. “ಕೇಳುವುದು ನಿನ್ನ ಕೆಲಸ, ಬೆಲೆ ಕಟ್ಟುವುದು ನನ್ನದು” ಎಂದು ಮುದ್ದಣನು ಅವಳ ಬಾಯಿ ಮುಚ್ಚಿಸಿದ್ದರೆ ನಮ್ಮ ಹೊಸಗನ್ನಡದ ಆ ಸೊಗಸು ಎಲ್ಲಿರುತ್ತಿತ್ತು?

ಈಗ ನನ್ನ ಸ್ವಂತ ಪಾತಕವನ್ನು ನಿವೇದಿಸಬೇಕಾಗಿದೆ. ಹಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಗೆ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ನಾನಾಗಿಯೇ ಓದಿಸಿ, ಚೋಮನ ದುರಂತವನ್ನು ವಿವರಿಸಿರೆಂದು ಪರೀಕ್ಷೆಯಲ್ಲಿ ಕೇಳಿದ್ದೆನು. ಭೂಮಿಯ ಆಸೆ, ಸಾಲ, ಜಾತಿಯ ಕಟ್ಟು ಎಂದು ನಾನು ಬರೆಯಿಸಿದ ಟಿಪ್ಪಣಿಯನ್ನೇ ಎಲ್ಲರೂ ಒಪ್ಪಿಸಿದರು. ಒಬ್ಬ ಹುಡುಗಿ ಮಾತ್ರ ಬೇರೊಂದನ್ನು ಬರೆದಳು: ಚೋಮನ ದುಡಿಯ ಶಬ್ದವನ್ನು ಎಲ್ಲರೂ ಕೇಳುತ್ತಾರೆ, ಅವನ ಮಗಳು ಬೆಳ್ಳಿ ಸಾಲ ತೀರಿಸಲು ತೋಟಕ್ಕೆ ಹೋಗಿ ಪಟ್ಟ ಪಾಡನ್ನು ಕೇಳುವವರಿಲ್ಲ, ತನಗೆ ಚೋಮನಿಗಿಂತ ಬೆಳ್ಳಿಯ ಮೇಲೆಯೇ ಕನಿಕರವೆಂದು. ನಾನು ಐದಕ್ಕೆ ಒಂದು ಅಂಕವನ್ನು ಕೊಟ್ಟು, ಪ್ರಶ್ನೆಗೆ ತಕ್ಕ ಉತ್ತರವಲ್ಲವೆಂದು ಕೆಂಪು ಶಾಯಿಯಲ್ಲಿ ಬರೆದೆನು. ಅವಳು ಅಳಲಿಲ್ಲ, ವಾದಿಸಲೂ ಇಲ್ಲ. ಮುಂದಿನ ಪರೀಕ್ಷೆಯಿಂದ ನನ್ನ ಟಿಪ್ಪಣಿಗಳನ್ನು ಅಕ್ಷರ ತಪ್ಪದೆ ಬರೆದು ಪೂರ್ಣ ಅಂಕಗಳನ್ನು ಪಡೆದಳು. ಆ ಪೂರ್ಣ ಅಂಕಗಳೇ ನನ್ನ ಮೇಲಿನ ತೀರ್ಪೆಂದು ನನಗೆ ತಿಳಿಯಲು ಇಷ್ಟು ವರ್ಷಗಳೂ ಬೈಲೂರಿನ ಆ ಬಸ್ಸೂ ಬೇಕಾದುವು.

ಹಾಗೆಂದು ಕಿರಿಯರನ್ನು ಹೊಗಳಿ ಅಟ್ಟಕ್ಕೇರಿಸುವ ಇಚ್ಛೆಯೂ ನನಗಿಲ್ಲ. ‘ಸೂಪರ್’, ‘ಬೋರ್’ ಎಂಬೆರಡು ಶಬ್ದಗಳಲ್ಲಿ ವಿಮರ್ಶೆಯನ್ನು ಮುಗಿಸುವವರು ಅವರಲ್ಲಿ ಬಹಳವಿರುವರು. ಏಕೆ ಹಿಡಿಸಿತು, ಎಲ್ಲಿ ಜಾರಿತು ಎಂದು ತೋರಿಸದ ಅಭಿಪ್ರಾಯವು ಸಾಕ್ಷಿಯಿಲ್ಲದ ಫಿರ್ಯಾದಿನಂತೆ ನಿಲ್ಲಲಾರದು. ಇಂಗ್ಲಿಷಿನ ಹತ್ತು ಕಾದಂಬರಿಗಳ ಹೆಸರನ್ನು ಪಟಪಟನೆ ಹೇಳಿ, ಕೋಟದಲ್ಲಿ ಹುಟ್ಟಿದ ಕಾರಂತರ ಒಂದನ್ನೂ ಮುಟ್ಟದಿರುವುದು ಯಾವ ಅಭಿಮಾನವೂ ಅಲ್ಲ. ಆದರೆ ಈ ಕೊರತೆಗಳೂ ಮಾತನಾಡಿಯೇ ನೀಗಬೇಕಾದುವು.

ಪರೀಕ್ಷೆಯ ಕಾಲವು ಹಾಳಾಗುವುದೆಂಬ ನಾಲ್ಕನೆಯ ಆಕ್ಷೇಪಕ್ಕೆ ಉದ್ದವಾದ ಉತ್ತರವು ಬೇಡ. ಕೈಯ ಫೋನಿನಲ್ಲಿ ಕಳೆಯುವ ಗಂಟೆಗಳನ್ನು ಲೆಕ್ಕವಿಡದ ತಂದೆತಾಯಿಗಳು ಕಾದಂಬರಿಯ ಅರ್ಧ ಗಂಟೆಗೆ ಮಾತ್ರ ಲೆಕ್ಕ ಹಿಡಿಯುವುದು ವಿನೋದವೇ ಸರಿ.

ನಾವು ಮಾಡಬೇಕಾದುದು ಸ್ವಲ್ಪವೇ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ಆಸ್ತಿ ತೆರಿಗೆಯ ಜತೆಗೆ ಗ್ರಂಥಾಲಯದ ಕರವನ್ನು ನಾವೆಲ್ಲರೂ ತೆರುತ್ತಿರುವೆವು. 2020ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮದ ಮೂಲಕ ಗ್ರಾಮಪಂಚಾಯತಿನ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವನ್ನು ಕೊಟ್ಟರು. ಹಣವು ನಮ್ಮದು, ಬಾಗಿಲು ತೆರೆದಿದೆ. ಮೇಲೆ ಹೇಳಿದ ಮೂರು ಕಾದಂಬರಿಗಳು ನಿಮ್ಮ ಊರಿನ ಗ್ರಂಥಾಲಯದಲ್ಲಿರುವುವೇ ಎಂದು ಈ ವಾರವೇ ಹೋಗಿ ವಿಚಾರಿಸಿರಿ. ಇಲ್ಲದಿದ್ದರೆ ತರಿಸಿಕೊಡಬೇಕೆಂದು ಬರೆದುಕೊಡಿರಿ. ನಮ್ಮ ತಿಂಗಳ ಗೋಷ್ಠಿಯಲ್ಲಿ ಮೊದಲ ಅರ್ಧ ಗಂಟೆಯನ್ನು ಹದಿನೆಂಟರ ಒಳಗಿನವರಿಗೆ ಬಿಡತಕ್ಕದ್ದು. ತಾವು ಈಗ ಓದುತ್ತಿರುವ ಪುಸ್ತಕದ ವಿಚಾರವಾಗಿ ಅವರು ಮಾತನಾಡಲಿ, ನಾವು ಪ್ರಶ್ನೆ ಕೇಳಬಹುದೇ ಹೊರತು ಉಪದೇಶ ಮಾಡಕೂಡದು. ಈ ಪತ್ರಿಕೆಯ ಸಂಪಾದಕರು ತಿಂಗಳಿಗೆ ಒಂದು ಪುಟವನ್ನು ಅವರಿಗಾಗಿ ಮೀಸಲಿಟ್ಟು, ಕಾಗುಣಿತವನ್ನಲ್ಲದೆ ಅಭಿಪ್ರಾಯವನ್ನು ತಿದ್ದದೆ ಅಚ್ಚುಹಾಕಲಿ. ಸ್ಥಳ ಸಾಲದೆಂದರೆ ನನ್ನಂಥವರ ಲೇಖನಗಳನ್ನು ಕಡಿಮೆ ಮಾಡಬಹುದು.

ಮನೆಗೆ ಬಂದವನೇ ಬಾಣನ ಗ್ರಂಥವನ್ನು ಕಪಾಟಿನಿಂದ ಇಳಿಸಿ, ಈ ಸಲ ಸಮಾಸಗಳನ್ನು ಬಿಡಿಸದೆ ಓದತೊಡಗಿದ್ದೇನೆ. ಮಗನ ಭಾಗವು ಇನ್ನೂ ಬಂದಿಲ್ಲ. ಮುಗಿದ ಮೇಲೆ ನನಗೆ ಯಾವುದು ಇಷ್ಟವೆಂದು ಆ ಹುಡುಗಿಗೆ ಹೇಳಬೇಕಾಗಿದೆ. ಶನಿವಾರದ ಸಂಜೆಯ ಬಸ್ಸಿನಲ್ಲಿ ಅವಳು ಮತ್ತೆ ಸಿಕ್ಕಿಯಾಳೆಂದು ನಂಬಿರುವೆನು. ಇತ್ಯಲಮತಿವಿಸ್ತರೇಣ.